ಪೂರ್ವಕ್ಕೆ ಮುಖ ಮಾಡಿದ ವ್ಯಾನು

ನನ್ನ ಮೈದುನನಿಗೆ ದೊಮ್ಮಲೂರಿನಲ್ಲಿ ಮಹಡಿಯ ಮೇಲೆ ಮಹಡಿ ಏರಿಸಿದ ಮನೆ ಇತ್ತು. ಅದು ಸಾಲದೆಂದು ಚಕ್ರದ ಮೇಲೆ ಇನ್ನೊಂದು ಮನೆ ಕಟ್ಟಿಸಿದ. ನಾವು ಹುರುಳಿ ಬಿತ್ತುತ್ತಿದ್ದ ಹೊಲದಲ್ಲಿ ಯಾರು ಯಾರದೋ ಆಫೀಸುಗಳು ಎದ್ದ ಮೇಲೆ ಅವನಿಗೆ ಬೆಳಗಿನಿಂದ ಸಂಜೆಯವರೆಗೆ ಮಾಡಲು ಏನೂ ಉಳಿದಿರಲಿಲ್ಲ. ಕೆಲಸವಿಲ್ಲದ ಗಂಡಸು ಟೀವಿ ಮುಂದೆ ಕೂತರೆ ಮನೆಗೆ ಏನಾದರೊಂದು ಬಂದು ಬೀಳುತ್ತದೆ. ಒಂದು ಸಲ ಮೀನಿನ ತೊಟ್ಟಿ ಬಂತು. ಇನ್ನೊಂದು ಸಲ ಮೂಗೇ ಇಲ್ಲದಂಥ ಒಂದು ನಾಯಿ ಬಂತು. ಆಮೇಲೆ ಕೇಬಲ್ಲಿನಲ್ಲಿ ಯಾರೋ ಬಿಳಿಯರು, ಗಂಡ ಹೆಂಡತಿ, ಬಸ್ಸಿನೊಳಗೇ ಅಡಿಗೆ ಮಾಡಿಕೊಂಡು, ಅದರೊಳಗೇ ಮಲಗಿಕೊಂಡು ಬೆಟ್ಟ ಸುತ್ತುವುದನ್ನು ನೋಡಿದ. ಅಷ್ಟೇ ಸಾಕಾಯಿತು.

ಹಳೆಯದೊಂದು ಸ್ಕೂಲ್ ವ್ಯಾನು ಕೊಂಡು ಶಿವಾಜಿನಗರದಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ಡಿಗೆ ಬಿಟ್ಟ. ಅಲ್ಲಿನ ಮೇಸ್ತ್ರಿ ಕೇಳಿದನಂತೆ, "ಸೇಟು, ಮನೆ ಬೇಕಾ, ಗಾಡಿ ಬೇಕಾ? ಏನಾದ್ರೂ ಒಂದ್ ಹೇಳಿ." ಇವನು ಎರಡೂ ಬೇಕೆಂದ. ಇದನ್ನು ಅವನೇ ಬಂದು ಹೆಮ್ಮೆಯಿಂದ ಹೇಳಿಕೊಂಡ. ಮೇಸ್ತ್ರಿ ನಕ್ಕಿದ್ದು ಯಾಕೆಂದು ಅವನಿಗೆ ಹೊಳೆದಿರಲಿಲ್ಲ.

ವ್ಯಾನು ಮನೆ ಮುಂದೆ ಬಂದು ನಿಂತಾಗ ಬೀದಿಯವರೆಲ್ಲ ಸೇರಿದರು. ಒಳಗೆ ಮಖಮಲ್ಲಿನ ಹಾಸಿಗೆ, ಗೊಂಡೆ ಇಳಿಬಿಟ್ಟ ಪರದೆ, ಗ್ಯಾಸ್ ಒಲೆ, ಹಿಂದುಗಡೆ ಪ್ಲೈವುಡ್ಡಿನ ಗೋಡೆ ಕಟ್ಟಿ ಕುರ್ಚಿಯಂತೆ ಕೂರುವ ಒಂದು ಕಕ್ಕಸು. ಮೈದುನನಂಥವರಿಗೆ ವಾಸ್ತು ಹೇಳುವವರು ಎಲ್ಲಿದ್ದರೂ ಸಿಗುತ್ತಾರೆ. ಒಬ್ಬ ಬಂದ, ದಿಕ್ಸೂಚಿ ಹಿಡಿದು ವ್ಯಾನಿನೊಳಗೆ ಬಗ್ಗಿ ಬಗ್ಗಿ ನೋಡಿದ. ದೇವರು ಪೂರ್ವಕ್ಕೆ ಮುಖ ಮಾಡಿರಬೇಕು ಎಂದ. ಅವತ್ತು ವ್ಯಾನು ಪೂರ್ವಕ್ಕೆ ಮೂತಿ ಮಾಡಿ ನಿಂತಿತ್ತು. ಹಾಗಾಗಿ ಹಿಂದಿನ ಪ್ಲೈವುಡ್ಡಿನ ಗೋಡೆಗೆ ಮನೆದೇವರ ಫೋಟೋ ಇಟ್ಟು, ಅಲುಗಾಡಬಾರದೆಂದು ನಾಲ್ಕು ಮೂಲೆಗೂ ಸ್ಕ್ರೂ ಬಿಗಿದರು. ಚಕ್ರ ಇರುವ ವಸ್ತು ಆಮೇಲೆ ಎತ್ತ ತಿರುಗುತ್ತದೆ ಎಂದು ಆ ಪಂಡಿತನೂ ಕೇಳಲಿಲ್ಲ, ದುಡ್ಡು ಕೊಟ್ಟವನೂ ಕೇಳಲಿಲ್ಲ.

ಪುರೋಹಿತರಿಗೆ ಇದು ವಾಹನ ಪೂಜೆಯೋ ಗೃಹಪ್ರವೇಶವೋ ತಿಳಿಯದೆ ಎರಡನ್ನೂ ಮಾಡಿಸಿದರು. ಚಕ್ರದ ಕೆಳಗೆ ನಿಂಬೆಹಣ್ಣು, ಒಲೆಯ ಮೇಲೆ ಹಾಲು. ಹಾಲು ಉಕ್ಕಿ ಮಖಮಲ್ಲಿನ ಮೇಲೆ ಚೆಲ್ಲಿತು. ಹಸುವನ್ನು ಒಳಗೆ ಹತ್ತಿಸಲು ನೋಡಿದರು. ಅದು ಕಾಲೂರಿ ನಿಂತು, ಮೆಟ್ಟಿಲಿಗೆ ಸಗಣಿ ಹಾಕಿ, ತಿರುಗಿ ಹೋಯಿತು. ಅವತ್ತು ಆ ಬೀದಿಯಲ್ಲಿ ಬುದ್ಧಿ ತೋರಿಸಿದ್ದು ಅದೊಂದೇ.

ನಾನು ಆ ಡಬ್ಬಿಗೆ ಹತ್ತುತ್ತಿರಲಿಲ್ಲ. ಹತ್ತಿದ್ದು ಅಕ್ಕನಿಗಾಗಿ. ಅಕ್ಕ ಅಂದರೆ ನನ್ನ ಹಿರಿಯ ಓರಗಿತ್ತಿ. ನಮ್ಮಿಬ್ಬರ ಗಂಡಂದಿರೂ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಅವಳಿಗೆ ಸಕ್ಕರೆ ಕಾಯಿಲೆ. ಗಳಿಗೆಗೊಮ್ಮೆ ಎದ್ದು ಹೋಗಬೇಕು, ಮಂಡಿ ಬೇರೆ ಮಡಚುತ್ತಿರಲಿಲ್ಲ. ಒಮ್ಮೆ ಹಲಸೂರಿನ ಮಾರ್ಕೆಟ್ಟಿನಿಂದ ಬರುವಾಗ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅವಳ ಸೀರೆ ಒದ್ದೆಯಾಗಿತ್ತು. ಕಂಡಕ್ಟರು ಸೀಟು ನೋಡಿ ಮೂಗು ಮುಚ್ಚಿಕೊಂಡು ಏನೋ ಅಂದ, ಹಿಂದಿನವರು ನಕ್ಕರು. ಅಂದಿನಿಂದ ಅವಳು ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೋದವಳಲ್ಲ. ತಮ್ಮನ ಮಗಳ ಮದುವೆ ಕೆ.ಆರ್. ಪುರದಲ್ಲೇ ಆಯಿತು, ಅದಕ್ಕೂ ಹೋಗಲಿಲ್ಲ. ಯಾರಾದರೂ ಕರೆದರೆ ಕಾಲುನೋವು ಎನ್ನುತ್ತಿದ್ದಳು.

ಮೈದುನ ಬಂದು, "ದೊಡ್ಡತ್ತಿಗೆ, ನಿಮಗೋಸ್ಕರಾನೇ ಕುರ್ಚಿ ಥರದ್ದು ಹಾಕ್ಸಿದೀನಿ. ಕೂತಲ್ಲೇ ಎಲ್ಲ. ಊಟಿಗೆ ಹೋಗ್ಬರೋಣ ನಡೀರಿ" ಎಂದ.

ಅಕ್ಕ ನನ್ನ ಮುಖ ನೋಡಿದಳು. ಭಾವ ಬದುಕಿದ್ದಾಗ ಲಾರಿ ಓಡಿಸುತ್ತಿದ್ದರು, ಊಟಿಯಿಂದ ಆಲೂಗಡ್ಡೆ ತರುತ್ತಿದ್ದರು. "ಅಲ್ಲಿ ಮೋಡ ಕಾಲಿನ್ ಕೆಳಗೆ ಹೋಗ್ತದೆ ಅಂತಿದ್ರು ನಿಮ್ಮ ಭಾವ. ನಿಜಾನೋ, ಸುಮ್ನೆ ಬಿಟ್ರೋ, ಒಂದ್ಸಲ ನೋಡ್ಬೇಕು ಕಣೇ" ಎಂದಳು. ಅವಳು ಏನಾದರೂ ಬೇಕೆಂದು ಬಾಯಿಬಿಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಟೆವು. ಮೈದುನ, ಅವನ ಹೆಂಡತಿ, ನಾವಿಬ್ಬರು ಮುದುಕಿಯರು, ಒಬ್ಬ ಡ್ರೈವರು. ಮೈಸೂರು ರಸ್ತೆ ಹಿಡಿದ ಕೂಡಲೇ ಪೂರ್ವಕ್ಕೆ ಮುಖ ಮಾಡಿದ್ದ ದೇವರು ಪಶ್ಚಿಮಕ್ಕೆ ತಿರುಗಿದ. ನಾನು ಬಾಯಿಗೆ ಎಲೆ ಅಡಿಕೆ ಹಾಕಿಕೊಂಡೆ. ಮೈದುನ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಪರದೆ ಸರಿಸಿ, ಪಕ್ಕದ ಕಾರಿನವರು ನೋಡುತ್ತಾರೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದ. ಅವನ ಹೆಂಡತಿ ಓಡುವ ಗಾಡಿಯಲ್ಲಿ ಉಪ್ಪಿಟ್ಟು ಮಾಡಲು ಹೋಗಿ, ಬಾಣಲೆ ಅತ್ತ, ರವೆ ಇತ್ತ. ಕೊನೆಗೆ ಮೈಸೂರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಲ್ಲೂ, ದಾರಿಯಲ್ಲಿ ಕಾಫಿಗೆ ನಿಂತಲ್ಲೂ ಕುರ್ಚಿಯಂಥ ಕಕ್ಕಸಿತ್ತು, ಅಕ್ಕನಿಗೆ ಅನುಕೂಲವಾಯಿತು.

ಗುಂಡ್ಲುಪೇಟೆ ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು. ನಾನು ಅವಳ ಕೈ ಹಿಡಿದು ಹಿಂದೆ ಕರೆದುಕೊಂಡು ಹೋದೆ. ಕಕ್ಕಸಿನ ಬಾಗಿಲಿಗೆ ಬೀಗ.

"ಬೀಗದ ಕೈ ಎಲ್ಲಿ?" ಎಂದೆ.

ಮೈದುನನ ಹೆಂಡತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಅಯ್ಯೋ ಅಕ್ಕ, ಅದನ್ನ ಬಳಸೋ ಹಂಗಿಲ್ಲ. ದೇವರ ಗೋಡೆಗೆ ಅಂಟ್ಕೊಂಡೇ ಇದೆ. ಮೈಲಿಗೆ ಆಗಲ್ವಾ? ಅದ್ರೊಳಗೆ ಅಕ್ಕಿ, ರಾಗಿಹಿಟ್ಟು, ಈರುಳ್ಳಿ ಮೂಟೆ ಎಲ್ಲ ಇಟ್ಟಿದೀನಿ."

ಕಕ್ಕಸಿನಲ್ಲಿ ಅಕ್ಕಿ ಇಟ್ಟರೆ ಮೈಲಿಗೆಯಲ್ಲ, ಕಕ್ಕಸನ್ನು ಕಕ್ಕಸಾಗಿ ಬಳಸಿದರೆ ಮೈಲಿಗೆ. ಇಂಥ ತಲೆಗಳಿಗೆ ದೇವರು ಜಮೀನು ಯಾಕೆ ಕೊಟ್ಟ, ಆ ಜಮೀನಿಗೆ ಬೆಲೆ ಯಾಕೆ ಕೊಟ್ಟ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೈದುನ ಇಳಿದು ಬಂದ. "ಏನ್ ಅತ್ತಿಗೆ ನೀವು, ಊಟೀಲಿ ಹೋಟ್ಲಿಲ್ವಾ? ಇನ್ನೇನು ಬಂದೇ ಬಿಡ್ತು."

ಬಂಕಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಅಕ್ಕನಿಗೆ ಆಗುವುದಿಲ್ಲ. ಹೊಲವೂ ಅಷ್ಟೇ. ನಾನು ಬಾಯಿ ತೆರೆದೆ, ಅಕ್ಕ ನನ್ನ ಕೈ ಚಿವುಟಿದಳು. "ಬಿಡೇ. ತಡ್ಕೋತೀನಿ. ಡ್ರೈವರ್ ಕೇಳಿಸ್ಕೋತಾನೆ." ಅಲ್ಲಿಂದ ಮುಂದೆ ಅವಳು ಒಂದು ಗುಟುಕು ನೀರು ಮುಟ್ಟಲಿಲ್ಲ.

ಬಂಡೀಪುರದ ಕಾಡಿನಲ್ಲಿ ಇಳಿಯುವಂತಿಲ್ಲ, ಆನೆ ಬರುತ್ತದೆ. ಮೈದುನ ಜಿಂಕೆ ತೋರಿಸಿದ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಗೂಡಲೂರು ದಾಟಿ ಘಾಟಿ ಹತ್ತತೊಡಗಿದೆವು. ತಿರುವಿಗೊಂದು ಸಲ ಪಾತ್ರೆಗಳೆಲ್ಲ ಒಂದು ಕಡೆ, ನಾವೆಲ್ಲ ಇನ್ನೊಂದು ಕಡೆ. ಹೊರಗೆ ನೀಲಗಿರಿ ಮರ, ಚಹಾ ತೋಟ, ಅದರ ಮೇಲೆ ಮಂಜು. ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಮೈದುನ ಕಟ್ಟಿಸಿದ್ದಲ್ಲ. ಅವನು ಮಾತ್ರ ತಾನೇ ಕಟ್ಟಿಸಿದವನ ಹಾಗೆ ಕೈ ಮಾಡಿ ತೋರಿಸುತ್ತಿದ್ದ.

ಅರ್ಧ ಘಾಟಿ ಹತ್ತಿದ್ದೆವು. ಮುಂದೆ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ನಮ್ಮ ಮುಂದೊಂದು ಬಸ್ಸು, ಹಿಂದೊಂದು ಬಸ್ಸು, ಎರಡರ ತುಂಬ ಕಾಲೇಜು ಹುಡುಗರು. ಅವರೆಲ್ಲ ಇಳಿದು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತು, ನಾಚಿಕೆಯಿಲ್ಲದೆ ತಮ್ಮ ಕೆಲಸ ಮುಗಿಸಿಕೊಂಡರು. ಗಂಡಸರಿಗೆ ಇಡೀ ಘಾಟಿಯೇ ಕಕ್ಕಸು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಕ್ಕನ ತುಟಿ ಬಿಳಿಚಿಕೊಂಡಿತ್ತು. ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇನ್ನಾಗಲ್ಲ ಕಣೇ. ಆವತ್ತಿನ ಹಂಗೇ ಆಗ್ಬಿಡ್ತದೆ" ಎಂದಳು.

ನಾನು ಎದ್ದೆ. "ಬೀಗದ ಕೈ ಕೊಡೇ."

"ಅಕ್ಕಾ, ದೇವರು..."

"ದೇವರನ್ನ ತೆಗೆದು ಮುಂದೆ ಇಡೋಣ."

ಮೈದುನ ಅಡ್ಡ ಬಂದ. "ಅತ್ತಿಗೆ, ಪೂರ್ವಕ್ಕೆ ಮುಖ ಮಾಡಿ ಪ್ರತಿಷ್ಠೆ ಮಾಡಿರೋದು. ಅಲುಗಾಡಿಸಬಾರದು ಅಂತ ಹೇಳವ್ರೆ."

"ಇವತ್ತು ಬೆಳಗ್ಗೆಯಿಂದ ಅವನನ್ನ ಗಡಗಡ ಅಲುಗಾಡಿಸ್ಕೊಂಡೇ ಬಂದಿದೀಯಲ್ಲೋ! ಮೈಸೂರಿನ್ ತನಕ ಪಶ್ಚಿಮ, ಕಾಡಲ್ಲಿ ದಕ್ಷಿಣ, ಈ ಘಾಟೀಲಿ ತಿರುವಿಗೊಂದು ದಿಕ್ಕು. ಈಗ ಎಲ್ಲಿದೆ ನಿನ್ನ ಪೂರ್ವ? ತೋರಿಸು ನೋಡೋಣ."

ಅವನು ಕಿಟಕಿಯಲ್ಲಿ ನೋಡಿದ. ಮಂಜಿನಲ್ಲಿ ಸೂರ್ಯನೇ ಇರಲಿಲ್ಲ. ಒಂದು ಕಡೆ ಬೆರಳು ತೋರಿಸಿದ, ಆಮೇಲೆ ಅನುಮಾನ ಬಂದು ಬೆರಳು ಮಡಚಿಕೊಂಡ. ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ.

"ನಗೋದು ಸಾಕು, ಸ್ಕ್ರೂಡ್ರೈವರ್ ತಗೊಂಡ್ ಬಾರಪ್ಪ" ಎಂದೆ. ಅವನು ಬಂದು ಗಳಿಗೆಯಲ್ಲಿ ಫೋಟೋ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ಮುಂದಿನ ಗಾಜಿನ ಹತ್ತಿರ ಇಟ್ಟ. ಅವನ ದೇವರೂ ಅಲ್ಲೇ ಇದ್ದ. ಒಬ್ಬರಿಗೊಬ್ಬರು ಜೊತೆಯಾದರು.

ಮೈದುನನ ಹೆಂಡತಿಯ ಸೆರಗಿನಿಂದ ನಾನೇ ಗಂಟು ಬಿಚ್ಚಿದೆ. ಅಕ್ಕಿ ಮೂಟೆಯನ್ನು ಎಳೆದು ಮಖಮಲ್ಲಿನ ಹಾಸಿಗೆಯ ಮೇಲೆ ಕೆಡವಿದೆ. ರಾಗಿಹಿಟ್ಟಿನ ಚೀಲ ಒಡೆದು ಗೊಂಡೆಗಳೆಲ್ಲ ಹಿಟ್ಟಾದವು. ಈರುಳ್ಳಿ ಮೂಟೆಯನ್ನು ಬಾಗಿಲಿನಿಂದ ಹೊರಗೆ ದೂಡಿದ್ದೇ ತಡ, ಬಾಯಿ ಬಿಚ್ಚಿಕೊಂಡು ಈರುಳ್ಳಿಗಳು ಘಾಟಿಯ ಇಳಿಜಾರಿನಲ್ಲಿ ಉರುಳತೊಡಗಿದವು. "ಅಯ್ಯಯ್ಯೋ, ನನ್ನ ಈರುಳ್ಳಿ!" ಎಂದು ಮೈದುನ ಪಂಚೆ ಎತ್ತಿಕಟ್ಟಿ ಹಿಂದೆ ಓಡಿದ. ಹೆಂಡತಿಯೂ ಓಡಿದಳು. ಕಾಲೇಜು ಹುಡುಗರೆಲ್ಲ ಶಿಳ್ಳೆ ಹೊಡೆಯುತ್ತ ಅವರ ಹಿಂದೆ ಹೋದರು. "ಗುರು, ಬಸ್ ಕೆಳಗೆ ಇನ್ನೊಂದು ಹೋಯ್ತು!" ಎಂದು ಒಬ್ಬ ಕೂಗುತ್ತಿದ್ದ. ನಮ್ಮ ವ್ಯಾನಿನ ಕಡೆ ನೋಡುವವರು ಒಬ್ಬರೂ ಉಳಿಯಲಿಲ್ಲ.

ಅಕ್ಕ ಒಳಗೆ ಹೋದಳು. ಡ್ರೈವರಿಗೆ ಟೇಪು ಜೋರಾಗಿ ಹಾಕು ಎಂದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಅವಳು ಹೊರಗೆ ಬಂದು, ಕೈ ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡಳು. ಸೀರೆ ಒದ್ದೆಯಾಗಿರಲಿಲ್ಲ. ಹಿಂದೆ ಮುಂದೆ ಮುಟ್ಟಿ ನೋಡಿಕೊಂಡು, ಆಮೇಲೆ ಕಿಟಕಿಯ ಪಕ್ಕ ಕೂತು ಪರದೆ ಸರಿಸಿದಳು. ಬೆಳಗಿನಿಂದ ಅವಳು ಹೊರಗೆ ನೋಡಿದ್ದು ಅದೇ ಮೊದಲು. ಕೆಳಗಿನ ಕಣಿವೆಯಲ್ಲಿ ಮೋಡ ಹಿಂಜಿದ ಹತ್ತಿಯ ಹಾಗೆ ಸರಿದು ಹೋಗುತ್ತಿತ್ತು.

"ನಿಜಾನೇ ಹೇಳಿದ್ರು ಕಣೇ" ಎಂದಳು.

ಮೈದುನ ಪಂಚೆಯ ಮಡಿಲಿನಲ್ಲಿ ಜಜ್ಜಿದ ಈರುಳ್ಳಿ ತುಂಬಿಕೊಂಡು ಏದುಸಿರು ಬಿಡುತ್ತ ಬಂದ. ಖಾಲಿ ಗೋಡೆ ನೋಡಿ, "ದೇವರೆಲ್ಲಿ?" ಎಂದ.

"ಮುಂದೆ ಕೂತವ್ನೆ. ಅವನೂ ಸ್ವಲ್ಪ ಗಾಳಿ ಕುಡೀಲಿ" ಎಂದೆ.

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಅವನ ಕಡೆ ತಿರುಗಿ, ಇಡೀ ವ್ಯಾನಿಗೆ ಕೇಳುವಂತೆ, "ಲೋ, ಆ ಬಿಂದಿಗೇಲಿ ನೀರಿದ್ರೆ ಒಂದ್ ಲೋಟ ಕೊಡೋ" ಎಂದಳು. ಅವನು ಈರುಳ್ಳಿ ಕೆಳಗೆ ಹಾಕಿ ಕೊಟ್ಟ. ಗಟಗಟನೆ ಕುಡಿದು, ಬಾಯಿ ಒರೆಸಿಕೊಳ್ಳದೆ ಲೋಟವನ್ನು ಮತ್ತೆ ಅವನ ಮುಂದೆ ಚಾಚಿದಳು.