ನಾರುವ ಕೊಳವನ್ನು ತೊಳೆದ ಅಬ್ದೋನ್

ಅಬ್ದೋನ್ ಹಮಾಂಕಾನ ಬಗ್ಗೆ ಆಡೋಕೆ ಒಳ್ಳೆ ಮಾತು ಒಂದೇ ಒಂದು ಇದೆ: ಆಸಾಮಿ ಶುದ್ಧ. ಹಿಮ ಕರಗಿ ಬರುವ ನೀರಲ್ಲಿ ಬೆರಳು ಅದ್ದಿದರೆ ಮೂಳೆ ಜುಮ್ಮೆನ್ನುವ ನಮ್ಮ ಊರಲ್ಲಿ ದಿನಾ ಬೆಳಗ್ಗೆ ಕತ್ತು ಕಿವಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಿದ್ದ ಗಂಡಸು ಅವನೊಬ್ಬನೇ. ಹಾಗೆ ತೊಳೆದುಕೊಂಡು ಬೀದಿಗಿಳಿದನೋ, ಕಂಡವರ ಮೇಲೆಲ್ಲ ಮೂಗು ಮುರಿಯೋದು ಶುರು. ಇವಳ ಅಂಗಳದಲ್ಲಿ ಕುರಿ ಹಿಕ್ಕೆ, ಅವನ ಪೊಂಚೊದಲ್ಲಿ ಹೊಗೆ ವಾಸನೆ. ಗುಡ್ಡದ ಮೇಲಿನ ಕೆರೊಪಂಪ ಊರಿನವರನ್ನಂತೂ ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಂದಿಗಳಾದರೂ ಮಳೇಲಿ ನೆನೀತಾವೆ ಅನ್ನುತ್ತಿದ್ದ.

ಹೆಂಡತಿ ಸಬೀನಾ ಮೆಕ್ಕೆಜೋಳದ ಚಿಚಾ ಹುಳಿಬರಿಸಿ ಮಾರುವವಳು. ಅವಳ ದೊಡ್ಡ ಗಡಿಗೆಯ ತಳದಲ್ಲಿ ಹಳೆ ಗಸಿ ಯಾವಾಗಲೂ ಇರಬೇಕು, ಹೊಸ ಚಿಚಾ ಏಳೋದೇ ಅದರಿಂದ. ಮದುವೆಯಾದ ಹೊಸತರಲ್ಲಿ ನಮ್ಮ ಮಹಾರಾಯ ಅದನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಹೆಂಡತಿ ಬಂದು ಹೊಗಳುತ್ತಾಳೆ ಅಂತ ಬಾಗಿಲಲ್ಲಿ ನಿಂತಿದ್ದ. ಅವಳು ಎತ್ತಿದ ಮಂಗಳಾರತಿ ಮೂರು ಮನೆ ಆಚೆಗೂ ಕೇಳಿಸಿತು. ಅದರಿಂದ ಏನಾದರೂ ಕಲಿತನೇ? ಪೆಟ್ಟು ತಿಂದು ಕಲಿಯುವ ತಳಿ ಅವನದಲ್ಲ.

ನಮ್ಮ ಮೇಲಿನ ಹಿಮದ ಗುಡ್ಡ ವರ್ಷ ವರ್ಷ ಹಿಂದಕ್ಕೆ ಸರಿಯುತ್ತಿದೆ. ಹಿಮ ಬಿಟ್ಟುಹೋದ ಕರಿ ಬಂಡೆ ಬಯಲಾಗಿ, ಅದರ ಮೇಲೆ ಹರಿದ ನೀರು ಹುಳಿಯಾಗಿ, ಕಾಲುವೆಯ ಕಲ್ಲೆಲ್ಲ ತುಕ್ಕು ಬಣ್ಣಕ್ಕೆ ತಿರುಗಿತು. ಕುರಿಗಳು ಮೂಸಿ ಮುಖ ತಿರುಗಿಸಿದವು, ಆಲೂಗಡ್ಡೆ ಗಿಡ ಬುಡದಲ್ಲೇ ಸುಟ್ಟವು. ಆಗ ವಿಶ್ವವಿದ್ಯಾಲಯದವರು ಬಂದು ಹೇಳಿಕೊಟ್ಟ ಹಾಗೆ ಕಾಲುವೆಯ ತಲೆಯಲ್ಲಿ ಕೊಳ ತೋಡಿ, ಗೊಬ್ಬರ, ಹುಲ್ಲು ಸುರಿದು, ಜೊಂಡು ನೆಟ್ಟೆವು. ಅಲ್ಲಿಯ ಕಪ್ಪು ಕೆಸರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸೇರಿಕೊಂಡವು. ಕೊಳೆತದ್ದನ್ನು ತಿಂದು ಅವು ಬಿಡುವ ಗಾಳಿಗೆ ನೀರಿನ ವಿಷ ಕಪ್ಪು ಪುಡಿಯಾಗಿ ತಳಕ್ಕೆ ಕೂರುತ್ತದೆ. ಆ ಗಾಳಿ ಥೇಟ್ ಕೊಳೆತ ಮೊಟ್ಟೆ. ನಾರುತ್ತಿದ್ದರೆ ಜೀವಿಗಳು ಬದುಕಿವೆ, ನಾರದಿದ್ದರೆ ಇಲ್ಲ. ಇಷ್ಟೇ ವಿದ್ಯೆ. ಊರವರು ಅದಕ್ಕೆ ಮುದುಕಿ ಹೂಸಿನ ಕೊಳ ಅಂತ ಹೆಸರಿಟ್ಟರು. ಅಬ್ದೋನ್ ಮಾತ್ರ "ಆ ಜಾಗ" ಅನ್ನುತ್ತಿದ್ದ.

ನಮ್ಮಲ್ಲಿ ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಕಾಲುವೆ ಕೆರೆಯುತ್ತೇವೆ. ಕೊಳಲು, ಚಿಚಾ, ಟೋಪಿಗೆ ಹೂವು, ಮದುವೆಗಿಂತ ಜೋರು. ಆಯಾ ವರ್ಷದ ಯಜಮಾನಿಕೆಯ ಬೆಳ್ಳಿ ಕಟ್ಟಿನ ಬೆತ್ತ ಯಾರ ಕೈಯಲ್ಲಿದೆಯೋ ಅವನೇ ಎಲ್ಲರಿಗೂ ತೈತಾ, ಅಂದರೆ ಅಪ್ಪ, ಅವನ ಮಾತೇ ಮಾತು. ತಳದ ಕಲ್ಲು ಕಾಣುವ ತನಕ ಗುದ್ದಲಿ ನಿಲ್ಲಬಾರದು, ಕೆಸರು ಉಳಿದರೆ ಬೆತ್ತದವನ ಮಾನ ಹೋದ ಹಾಗೆ. ಇಡೀ ಜೀವಮಾನ ಕಾದ ಮೇಲೆ ಬೆತ್ತ ಅಬ್ದೋನನ ಕೈಗೆ ಬಂತು. ಬಂದದ್ದೇ ತಡ, ನಡಿಗೆಯೇ ಬದಲಾಯಿತು. ಇಗರ್ಜಿಯ ಸಂತನ ಮೂರ್ತಿಯಾದರೂ ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ.

ಕೆರೆಯುತ್ತ ಕೆರೆಯುತ್ತ ಕಾಲುವೆಯ ತಲೆಗೆ ಬಂದೆವು. ಬೆತ್ತ ಕೊಳದ ಕಡೆ ತಿರುಗಿತು.

"ಇದನ್ನೂ ತೆಗೀರಿ," ಅಂದ ಅಬ್ದೋನ್.

ಹಿರಿಯ ಸಿಕ್ಸ್ತೊ ಗುದ್ದಲಿ ಊರಿ ನಿಂತ. "ತೈತಾ, ಇದನ್ನ ಮುಟ್ಟಬಾರ್ದು ಅಂತ ಕೊಳ ಮಾಡ್ಸಿದೋರು ಹೇಳಿದ್ರಲ್ಲ."

"ಹೇಳ್ದೋರು ಪಟ್ಟಣದಲ್ಲಿ ಪರಿಮಳ ಹಚ್ಕೊಂಡು ಕೂತವ್ರೆ. ನಾನು ಬೆತ್ತ ಹಿಡ್ದ ವರ್ಷ ಊರಿನ ನೀರು ನಾರ್ಬೇಕಾ?"

"ನಾರೋದೇ ಅದರ ಕೆಲ್ಸ ಕಣಯ್ಯಾ," ಅಂದಳು ಸಬೀನಾ, ಚಿಚಾ ಬಡಿಸುತ್ತ.

"ನಿನ್ನ ಗಡಿಗೆ ನೀನು ನೋಡ್ಕೊ."

ಸಬೀನಾ ಕೈಯಲ್ಲಿದ್ದ ಬಟ್ಟಲನ್ನು ಅವನಿಗೆ ಕೊಡದೆ ಪಕ್ಕದವನಿಗೆ ಕೊಟ್ಟಳು. ನಾವೇನು ಮಾಡಿದೆವು? ಹೊಟ್ಟೆ ತುಂಬ ಚಿಚಾ, ಕಿವಿ ತುಂಬ ಕೊಳಲು, ಗುದ್ದಲಿ ಎತ್ತಿದೆವು. ಸಿಕ್ಸ್ತೊ ಕೂಡ ಎತ್ತಿದ. ಅಬ್ದೋನನಿಗೆ ಬೈಯುವಾಗ ಊರಿಗೆ ಊರೇ ಇದನ್ನು ಮರೆಯುತ್ತದೆ, ನಾಚಿಕೆಗೆಟ್ಟ ಊರು. ಸಂಜೆಯ ಹೊತ್ತಿಗೆ ಜೊಂಡು ದಡದಲ್ಲಿ ಒಣಗುತ್ತಿತ್ತು, ಕೊಳದ ತಳದಲ್ಲಿ ಒಂದೊಂದು ಕಲ್ಲೂ ತೊಳೆದ ಆಲೂಗಡ್ಡೆಯ ಹಾಗೆ ಕಾಣುತ್ತಿತ್ತು. ಅಬ್ದೋನ್ ಅದರ ಮುಂದೆ ನಿಂತು ದೀರ್ಘವಾಗಿ ಉಸಿರೆಳೆದುಕೊಂಡ. ಏನೂ ವಾಸನೆಯಿಲ್ಲ. ಹುಟ್ಟಿದ್ದಕ್ಕೆ ಸಾರ್ಥಕವಾಯಿತು ಅನ್ನಿಸಿತು ಅವನಿಗೆ.

ಸಾರ್ಥಕ ಬಹಳ ದಿನ ಬಾಳಲಿಲ್ಲ. ಮೊದಲು ಕೊಳದ ಕಲ್ಲು ಕೆಂಪಾದವು, ಆಮೇಲೆ ಕಾಲುವೆಯವು. ಹಸುಗಳು ಕುಡಿಯದೆ ನಿಂತು ಕೂಗಿದವು. ಮನೆಮನೆಯಲ್ಲೂ ಬಿತ್ತನೆ ಆಲೂಗಡ್ಡೆ ಮೊಳಕೆ ಒಡೆದು ಕೂತಿತ್ತು. ಆ ನೀರು ಹಾಯಿಸಿದರೆ ಬೀಜ ಸುಡುತ್ತದೆ, ಹಾಯಿಸದಿದ್ದರೆ ಒಣಗುತ್ತದೆ, ಎರಡರಲ್ಲಿ ಯಾವುದಾದರೂ ಮುಂದಿನ ವರ್ಷ ಒಲೆ ಹತ್ತೋದಿಲ್ಲ. ಊರ ಸಭೆಯಲ್ಲಿ ಸಿಕ್ಸ್ತೊ ಎದ್ದು ನಿಂತ. "ಬಿತ್ತನೆಗೆ ಮುಂಚೆ ಕೊಳ ನಾರ್ಬೇಕು. ನಾರ್ಲಿಲ್ಲ ಅಂದ್ರೆ ಬೆತ್ತ ಇಲ್ಲಿಟ್ಟು ಹೋಗು, ತೈತಾ." ಬೆತ್ತ ಕಿತ್ತುಕೊಳ್ಳಿಸಿಕೊಂಡ ಗಂಡಸು ನಮ್ಮೂರ ಚರಿತ್ರೆಯಲ್ಲೇ ಇರಲಿಲ್ಲ.

ಅಬ್ದೋನ್ ಗೊಬ್ಬರ ಹೊತ್ತ, ಹುಲ್ಲು ಹೊತ್ತ, ಕೊಳಕ್ಕೆ ಸುರಿದ. ನೀರು ಕೆಂಪಾಗಿಯೇ ಹರಿಯಿತು.

"ತಳದಲ್ಲಿ ಏನೂ ಉಳಿಸ್ದೆ ಕೆರ್ದು ಹಾಕಿದ್ಮೇಲೆ ಯಾವುದು ಏಳತ್ತೆ?" ಅಂದಳು ಸಬೀನಾ. "ಜೀವ ಇರೋ ಕೆಸರು ತಗೊಂಬಾ."

"ಎಲ್ಲಿಂದ?"

ಅವಳು ಕೆರೊಪಂಪದ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿಯವರೂ ಇಂಥದ್ದೇ ಕೊಳ ಮಾಡಿಕೊಂಡಿದ್ದರು, ಅದು ಇನ್ನೂ ನಾರುತ್ತಿತ್ತು.

ಮುಚ್ಚಳದ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಅಬ್ದೋನ್ ಗುಡ್ಡ ಹತ್ತಿದ. ಎಷ್ಟು ಬೈಗುಳ ಕಾದಿರಬಹುದು, ಯಾರ ಬಾಯಿಂದ ಯಾವುದು ಬರಬಹುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಅವರ ಕೊಳದ ಹತ್ತಿರ ಬಸಿಲಿಯಾ ಅನ್ನುವ ಹೆಂಗಸು ಕುರಿ ಮೇಯಿಸುತ್ತಿದ್ದಳು.

"ಏನ್ ಬೇಕಿತ್ತು ತೈತಾ?"

"ಕೆಸ್ರು," ಅಂದ.

"ಅದ್ಕೇನಂತೆ, ತಗೊಂಡೋಗಿ. ಕಂಠದವರ್ಗೂ ತುಂಬ್ಸಿ, ಒಳಗೆ ಗಾಳಿ ಇರ್ಬಾರ್ದು, ಇದ್ರೆ ಜೀವಿಗಳು ಸಾಯ್ತಾವೆ." ಅಷ್ಟು ಹೇಳಿ ಕುರಿ ಹಿಂದೆ ಹೋದಳು. ಅವನು ಹೇಳುತ್ತಿದ್ದ ಹಂದಿ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ಬಿದ್ದಿದ್ದರೂ ತಲೆಯಲ್ಲಿಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯ ಇವನು ಅಂತ ಅವಳಿಗೆ ಅನ್ನಿಸಿರಲಿಲ್ಲ. ಬೈಗುಳಕ್ಕಿಂತ ಇದು ಅವನಿಗೆ ಜಾಸ್ತಿ ಉರಿಯಿತು. ಮೊಣಕೈವರೆಗೆ ಕೈ ಹಾಕಿ ಕಪ್ಪು ಕೆಸರು ತುಂಬಿಸಿದ. ದಾರಿಯಲ್ಲಿ ಮುಚ್ಚಳ ಸೋರಿ ಬೆನ್ನಿಗೆಲ್ಲ ಇಳಿಯಿತು.

ಕೆಸರನ್ನು ಗೊಬ್ಬರದ ಕೆಳಗೆ ಹೂತು, ನೀರು ಕಟ್ಟಿ, ಕೊಳದ ಪಕ್ಕದಲ್ಲೇ ಕೂತ. ಸಬೀನಾ ಊಟ ತಂದಿಟ್ಟು ಹೋಗುತ್ತಿದ್ದಳು. ಪರಿಮಳ ಬಿಟ್ಟು ಬೇರೇನನ್ನೂ ಸಹಿಸದ ಆ ಮೂಗನ್ನು ನೀರಿಗೆ ತಾಗಿಸಿ ಅವನು ಬೆಳಗ್ಗೆ ಮೂಸುತ್ತಿದ್ದ, ಮಧ್ಯಾಹ್ನ ಮೂಸುತ್ತಿದ್ದ. ಮೇಯಲು ಹೋಗುವ ಕತ್ತೆಗಳೂ ನಿಂತು ನೋಡುತ್ತಿದ್ದವು. ಬರೀ ಗೊಬ್ಬರದ ವಾಸನೆ. ಬಿತ್ತನೆಯ ವಾರ ಬಂತು. ಸಿಕ್ಸ್ತೊ ಒಂದು ಸಲ ಬಂದು, ಕೊಳವನ್ನೂ ಬೆತ್ತವನ್ನೂ ನೋಡಿ ಹೋದ. ಆ ದಿನ ಅಬ್ದೋನನಿಗೆ ನಿಜವಾಗಿ ಹೆದರಿಕೆಯಾಯಿತು. ಬೆತ್ತಕ್ಕಲ್ಲ. ಮೊಳಕೆ ಬಾಡಿದ ಬೀಜವನ್ನು ಹೆಂಗಸರು ಬಾಗಿಲಲ್ಲಿ ಕೂತು ಆರಿಸುತ್ತಿದ್ದುದನ್ನು ನೋಡಿ ಬಂದಿದ್ದ.

ಒಂದು ಬೆಳಗ್ಗೆ ಮೂಗಿಗೆ ಸಣ್ಣಗೆ ಏನೋ ಬಡಿಯಿತು. ಬಗ್ಗಿದ. ಮತ್ತೆ ಬಗ್ಗಿದ. ಕೊಳೆತ ಮೊಟ್ಟೆ. ಬೆತ್ತವನ್ನು ಅಲ್ಲೇ ಬಿಸಾಕಿ ಊರ ಕಡೆ ಓಡಿದ.

"ಹೂಸು ಬಿಟ್ಟವ್ಳೆ! ಮುದುಕಿ ಹೂಸು ಬಿಟ್ಟವ್ಳೆ ಕಣ್ರಪ್ಪೋ!"

ಜನ ಬಾಗಿಲಿಗೆ ಬಂದರು. ಕೆಲವರು ನಕ್ಕರು, ಹೆಚ್ಚಿನವರು ಅವನ ಮುಖ ಕೂಡ ನೋಡದೆ ಗುದ್ದಲಿ ಎತ್ತಿಕೊಂಡು ಕೊಳದತ್ತ ಹೊರಟರು. ಸಬೀನಾ ಮಾತ್ರ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೆನ್ನು, ಕತ್ತು, ಕಿವಿಯ ಸಂದು, ಎಲ್ಲ ಕಡೆ ಒಣಗಿದ ಕಪ್ಪು ಕೆಸರು.

"ಆಯ್ತಲ್ಲ, ನಡಿ. ನೀರು ಕಾಯ್ಸಿದೀನಿ, ಮೈ ತೊಳ್ಕೊ."

ಅಬ್ದೋನ್ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಬೇಡ ಮಾರಾಯ್ತಿ," ಅಂದ. "ಸತ್ತುಬಿಟ್ಟಾವು."