ಮೇಸ್ತ್ರಿಯ ಪಥ್ಯ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಅಡುಗೆಮನೆ ಎರಡು ಪಾಲಾಗಿತ್ತು. ಒಂದು ಕಡೆ ಎಲ್ಲ ರೋಗಿಗಳಿಗೂ ಆಗುವ ಅಡುಗೆ. ಇನ್ನೊಂದು ಕಡೆ, ಹಬೆ ತಾಗಿ ಸದಾ ಒದ್ದೆಯಾಗಿರುತ್ತಿದ್ದ ಗೋಡೆಯ ಪಕ್ಕ, ಪಥ್ಯದವರ ಅಡುಗೆ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆ ಹೆಸರಿಗೆ ಮಾತ್ರ. ಆ ಒಲೆಯ ಮುಂದೆ ನಿಂತು ಕೂದಲು ಬಿಳಿ ಮಾಡಿಕೊಂಡವನು ಸಪ್ಪೆಯಣ್ಣ. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಆಗಲೂ ಅವನು ಒಂದು ಗಳಿಗೆ ಯಾರಪ್ಪ ಅದು ಎಂಬಂತೆ ನೋಡಿ ಆಮೇಲೆ ಕೈ ಎತ್ತುತ್ತಿದ್ದ.

ಅವನ ಮಾತೂ ಅಡುಗೆಯ ಹಾಗೆಯೇ ಎಂದು ಜೊತೆಯವರು ಛೇಡಿಸುತ್ತಿದ್ದರು. ಬೇಕಾದಷ್ಟೇ, ಮೇಲೊಂದು ಚಿಟಿಕೆಯೂ ಇಲ್ಲ. ಆದರೆ ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಊಟ ಮುಗಿದು ವಾರ್ಡುಗಳಿಂದ ತಳ್ಳುಗಾಡಿ ಕೆಳಗಿಳಿದು ಬಂದಾಗ ಅವನು ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಖಾಲಿ ತಟ್ಟೆಗಳ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಮುಟ್ಟದೆ ವಾಪಸ್ಸು ಬಂದ ತಟ್ಟೆಯನ್ನು ಮಾತ್ರ ಎತ್ತಿ ನೋಡುತ್ತಿದ್ದ. ಬೆಳಿಗ್ಗೆ ವಾಪಸ್ಸಾದ ಕುಂಬಳಕಾಯಿ ಮಧ್ಯಾಹ್ನಕ್ಕೆ ಆಲೂಗಡ್ಡೆಯಾಗಬೇಕು. ಅದೂ ವಾಪಸ್ಸಾದರೆ ಸಂಜೆಗೆ ಇನ್ನೊಂದು. ಸಾಯಲು ಬಿದ್ದವನ ಮುಂದೆ ಅವನು ಬೇಡವೆಂದದ್ದನ್ನೇ ಎರಡನೇ ಸಲ ಇಡುವುದು ಪಾಪ ಎಂದು ಸಪ್ಪೆಯಣ್ಣನಿಗೆ ಸೌಟು ಹಿಡಿಯುವುದನ್ನು ಕಲಿಸಿದ ಮುದುಕ ಹೇಳಿದ್ದ. ಸಪ್ಪೆಯಣ್ಣ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಯಾರು ಏನು ತಿಂದರು, ಯಾರು ಮುಖ ತಿರುಗಿಸಿದರು ಎಂಬುದು ಮನೆಗೆ ಹೋದ ಮೇಲೂ ಅವನ ತಲೆಯಲ್ಲಿ ಓಡುತ್ತಿತ್ತು.

ಮನೆಯೆಂದರೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ಮುಖ ಮಾಡಿದ ಕಿಟಕಿ. ಮಕ್ಕಳಾಗಿರಲಿಲ್ಲ. ಹೆಂಡತಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ಆ ಸದ್ದು ವರ್ಷ ವರ್ಷವೂ ಅವಳ ಕಿವಿಯನ್ನು ಇಷ್ಟಿಷ್ಟೇ ತಿಂದು, ಗಿರಣಿ ಬಿಡುವ ಹೊತ್ತಿಗೆ ಪೂರ್ತಿ ನುಂಗಿ ಹಾಕಿತ್ತು. ಎದುರಿಗೆ ಬೆಳಕಿನಲ್ಲಿ ಕೂತು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಿದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಅವಳ ಗುಟ್ಟೂ ಕೂಗಿದ ಹಾಗಿರುತ್ತಿತ್ತು. ಪಕ್ಕದ ಮನೆಯಾಕೆ ಹಾಕಿಸಿದ ಹೊಸ ಪರದೆ ಆಸ್ಪತ್ರೆಯ ಹೊದಿಕೆಯ ಹಾಗಿದೆ ಎಂದು ಒಮ್ಮೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದ್ದು ಇಡೀ ಮಹಡಿಗೆ ಕೇಳಿತ್ತು. ಪಕ್ಕದ ಮನೆಯಾಕೆ ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಪರದೆಯನ್ನೇ ಬದಲಾಯಿಸಿದಳು.

ಮೂರನೆಯ ಜೀವ ಮೇಸ್ತ್ರಿ. ಆಸ್ಪತ್ರೆಯ ಹಿಂಬಾಗಿಲಲ್ಲಿ ತರಕಾರಿ ಬುಟ್ಟಿಗಳ ನಡುವೆ ಕುಂಯ್‌ಗುಟ್ಟುತ್ತಿದ್ದ ಕಂದು ನಾಯಿಮರಿಯನ್ನು ಸಪ್ಪೆಯಣ್ಣ ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಮನೆಯಲ್ಲಿ ಯಾರು ಏನು ಮಾಡಿದರೂ ಎದುರಿಗೆ ಕೂತು, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂಬಂತೆ ನೋಡುತ್ತಿದ್ದುದರಿಂದ ಹೆಂಡತಿ ಅದಕ್ಕೆ ಆ ಹೆಸರಿಟ್ಟಳು. ಯಾರೂ ಕಲಿಸದೆ ಮೇಸ್ತ್ರಿ ಅವಳ ಕಿವಿಯಾಯಿತು. ಬಾಗಿಲು ತಟ್ಟಿದರೆ ಬಂದು ಅವಳ ಮೊಣಕಾಲ ಮೇಲೆ ಕಾಲಿಡುತ್ತಿತ್ತು. ಕುಕ್ಕರ್ ಕೂಗಿದರೆ ಸೀರೆಯ ಅಂಚು ಹಿಡಿದೆಳೆಯುತ್ತಿತ್ತು. ನಲ್ಲಿ ಮುಚ್ಚದೆ ಬಂದಿದ್ದರೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಿರುಗಿ ತಿರುಗಿ ಅವಳನ್ನು ನೋಡುತ್ತಿತ್ತು. ಸಪ್ಪೆಯಣ್ಣ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುವವನು. ಮೇಸ್ತ್ರಿ ಇದ್ದಾನಲ್ಲ ಎಂಬ ಧೈರ್ಯದ ಮೇಲೆಯೇ ಅವನು ಇಷ್ಟು ವರ್ಷ ಬಾಗಿಲೆಳೆದುಕೊಂಡು ಹೋಗಿದ್ದು.

ಆ ಮೇಸ್ತ್ರಿಯ ಹೊಟ್ಟೆ ಕೆಟ್ಟಿತು.

ಮೊದಲು ಒಂದೆರಡು ಸಲ ತಿಂದದ್ದನ್ನು ಕಕ್ಕಿತು. ನಾಯಿ ಅಂದಮೇಲೆ ಕಕ್ಕುತ್ತೆ ಎಂದು ಬಿಟ್ಟರು. ಆಮೇಲೆ ಭೇದಿ ಹಿಡಿಯಿತು. ಹೊಟ್ಟೆಯೊಳಗೆ ಯಾರೋ ಕುರ್ಚಿ ಎಳೆದಾಡಿದ ಹಾಗೆ ಸದ್ದು. ಮೈಯ ಮೂಳೆಗಳು ಎದ್ದು ಕಂಡವು. ದಿನವಿಡೀ ಮಂಚದ ಕೆಳಗೆ ಮುದುರಿಕೊಂಡು ಬಿದ್ದಿರುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ಒಲೆಯ ಮೇಲೆ ಬೇಳೆ ಇಟ್ಟು ಕಿಟಕಿಯ ಬಳಿ ಬಟ್ಟೆ ಹೊಲಿಯುತ್ತ ಕೂತಳು. ನೀರು ಬತ್ತಿತು, ಬೇಳೆ ಸೀದಿತು, ಬೀದಿಯ ಗಾಳಿಗೆ ಹೊಗೆ ಅವಳತ್ತ ಸುಳಿಯದೆ ಬಾಗಿಲ ಸಂದಿಯಿಂದ ಹೊರಗೆ ಬಂತು. ಬಾಗಿಲು ಬಡಿದು ಬಡಿದು ಸಾಕಾದ ಪಕ್ಕದ ಮನೆಯಾಕೆ ಕೊನೆಗೆ ಭುಜ ಕೊಟ್ಟು ಚಿಲಕ ಮುರಿದು ಒಳಗೆ ನುಗ್ಗಿದಳು. ಮೇಸ್ತ್ರಿ ಮಂಚದ ಕೆಳಗಿಂದ ತಲೆ ಎತ್ತಿ ನೋಡಿತಂತೆ. ಏಳಲು ಕಾಲು ಬರಲಿಲ್ಲ.

ಸುದ್ದಿ ಹೆಂಡತಿಯ ತಮ್ಮನಿಗೆ ಮುಟ್ಟಿತು. ಅವನು ಲಾರಿ ಡ್ರೈವರ್. ದೂರದ ಊರಿನಲ್ಲಿ ದೊಡ್ಡ ಸಂಸಾರ. ಮಾರನೆಯ ದಿನವೇ ಬಂದ. ಕರಿ ಹಿಡಿದ ಅಡುಗೆಮನೆಯ ಗೋಡೆಯ ಮೇಲೆ ಬೆರಳಾಡಿಸಿ ಮಸಿಯನ್ನು ಭಾವನಿಗೆ ತೋರಿಸಿದ.

"ನಾಯಿ ನಂಬ್ಕೊಂಡು ಎಷ್ಟು ದಿನ ಭಾವ? ನೀವು ಬರೋ ಹೊತ್ತಿಗೆ ಇಲ್ಲಿ ಏನೂ ಉಳಿದಿರಲ್ಲ. ಅಕ್ಕನ್ನ ನಾನು ಕರ್ಕೊಂಡು ಹೋಗ್ತೀನಿ."

ತಮ್ಮ ಹೇಳಿದ್ದರಲ್ಲಿ ತಪ್ಪೇನೂ ಸಪ್ಪೆಯಣ್ಣನಿಗೆ ಕಾಣಲಿಲ್ಲ. ನಾಯಿಗೆ ಹುಷಾರಾಗಲಿ, ನೋಡೋಣ ಎಂದಷ್ಟೇ ಅಂದ. ಹಾಗಾದರೆ ಮಕ್ಕಳಿಗೆ ಶಾಲೆ ರಜೆ ಬಿಟ್ಟಾಗ ಬರುತ್ತೇನೆ, ಅಲ್ಲಿಯವರೆಗೂ ಪಕ್ಕದ ಮನೆಯಾಕೆ ಆಗಾಗ ಬಂದು ನೋಡಲಿ, ಆಗಲೂ ನಾಯಿ ಹೀಗೇ ಇದ್ದರೆ ಅಕ್ಕನನ್ನು ಕರೆದುಕೊಂಡೇ ಹೋಗುವುದು ಎಂದು ತಮ್ಮ ಗೆರೆ ಎಳೆದು ಹೋದ.

ಅವನು ಹೋದ ಮೇಲೆ ಹೆಂಡತಿ ಗಂಡನನ್ನು ಬೆಳಕಿಗೆ ಕೂರಿಸಿಕೊಂಡು ಹೇಳಿದಳು: "ಅಲ್ಲಿ ಎಲ್ರೂ ಒಟ್ಟಿಗೇ ಮಾತಾಡ್ತಾರೆ ರೀ. ನಂಗೆ ಒಂದು ಮುಖಾನೂ ಕೈಗೆ ಸಿಗಲ್ಲ. ಮೂಲೇಲಿ ಇಟ್ಟ ಹೊಲಿಗೆ ಮಿಷಿನ್ ತರ ಕೂತಿರ್ಬೇಕು."

ಅಂದಿನಿಂದ ಸಪ್ಪೆಯಣ್ಣ ಟೊಂಕ ಕಟ್ಟಿ ನಿಂತ. ಎಂಥೆಂಥ ಹೊಟ್ಟೆಗಳನ್ನು ಹಾದಿಗೆ ತಂದವನು ತಾನು, ಒಂದು ನಾಯಿಯ ಹೊಟ್ಟೆ ಯಾವ ಲೆಕ್ಕ ಎಂದುಕೊಂಡ. ಕೋಳಿಯನ್ನು ಮೆತ್ತಗೆ ಬೇಯಿಸಿ ಅನ್ನದಲ್ಲಿ ಕಲಸಿಟ್ಟ. ಮೇಸ್ತ್ರಿ ತಿಂದಿತು, ಕಕ್ಕಿತು. ಸಂಜೆಗೆ ಮೊಟ್ಟೆಯ ಬಿಳಿ. ಅದು ರಾತ್ರಿ ಕಳೆಯುವಷ್ಟರಲ್ಲಿ ಭೇದಿಯಾಯಿತು. ಬೆಳಿಗ್ಗೆ ಮುಳ್ಳು ಬಿಡಿಸಿದ ಮೀನು, ಆಮೇಲೆ ಆಲೂಗಡ್ಡೆ, ಆಮೇಲೆ ಮೊಸರು, ಆಮೇಲೆ ಅಂಗಡಿಯಲ್ಲಿ ಸಿಗುವ, ನಾಯಿಗೆಂದೇ ಮಾಡಿದ ಒಣ ಕಾಳು. ಕಾಳಿನ ಚೀಲದ ಮೇಲೆ ನಗುತ್ತಿದ್ದ ದಷ್ಟಪುಷ್ಟ ನಾಯಿಯ ಚಿತ್ರವನ್ನು ಮೇಸ್ತ್ರಿ ಮೂಸಿ ನೋಡಿ ಮಂಚದ ಕೆಳಗೆ ಹೋಯಿತು. ಪಕ್ಕದ ಮನೆಯಾಕೆ ಕುರಿಯ ಮೂಳೆ ಬೇಯಿಸಿದ ನೀರು ತಂದುಕೊಟ್ಟಳು. ಅದನ್ನೂ ಇಟ್ಟ. ಕೆಲಸದಿಂದ ಬಂದವನು ಬಟ್ಟೆ ಬದಲಿಸದೆ ಒಲೆ ಹಚ್ಚುತ್ತಿದ್ದ. ಇದಾಗಲಿಲ್ಲವಾದರೆ ಅದು, ಅದಾಗಲಿಲ್ಲವಾದರೆ ಮತ್ತೊಂದು. ಅವನು ಹೊಸದು ಹುಡುಕಿದಷ್ಟೂ ನಾಯಿ ಸೊರಗಿತು.

ಕೊನೆಗೆ ಅದನ್ನು ಎತ್ತಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದ. ಅವರು ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ರಕ್ತ, ಮಲ ಪರೀಕ್ಷೆಗೆ ಕೊಟ್ಟರು. ಹುಳುವಿಲ್ಲ, ಗಡ್ಡೆಯಿಲ್ಲ, ವಯಸ್ಸಾಗಿದೆ, ಕರುಳು ಬಹಳ ಸೂಕ್ಷ್ಮ ಎಂದರು. ಏನೇನು ತಿನ್ನಿಸಿದಿರಿ ಎಂದು ಕೇಳಿದರು. ಸಪ್ಪೆಯಣ್ಣ ಒಂದೊಂದೇ ಹೇಳುತ್ತಾ ಹೋದ. ತಾನು ದೊಡ್ಡಾಸ್ಪತ್ರೆಯ ಪಥ್ಯದ ಅಡುಗೆಯವನು ಎಂದೂ ಸೇರಿಸಿದ, ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಒಂದೊಂದನ್ನೂ ಎಷ್ಟು ದಿನ ಕೊಟ್ರಿ?"

"ದಿನ ಎಲ್ಲಿ ಮೇಡಂ. ಒಂದ್ಸಲ. ವಾಪಸ್ ಬಂತಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನಗು ಬಂದಿರಲಿಲ್ಲ.

"ಅದರ ಹೊಟ್ಟೆ ಒಂದಕ್ಕೆ ಹೊಂದ್ಕೊಳ್ಳೋಕೆ ಮುಂಚೆ ಇನ್ನೊಂದು ಹಾಕ್ತಿದ್ದೀರಿ. ಇದು ವಾರ್ಡಿನ ರೋಗಿ ಅಲ್ಲ, ರುಚಿ ಬೇಜಾರಾಗಲ್ಲ. ಯಾವುದಾದ್ರೂ ಒಂದು ಹಿಡೀರಿ. ಕೋಳಿ, ಅನ್ನ, ಒಂದು ಚಮಚ ಬೇಯಿಸಿದ ಕುಂಬಳಕಾಯಿ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ಬೇರೇನೂ ಬೇಡ, ಯಾರ ಕೈಯಿಂದಾನೂ ಬೇಡ. ಮಧ್ಯೆ ಒಂದ್ಸಲ ಕಕ್ಕಿದ್ರೂ ಮತ್ತೆ ಅದನ್ನೇ ಇಡಿ. ತೀರಾ ಸುಸ್ತಾದ್ರೆ, ನೀರೂ ನಿಲ್ಲದಿದ್ರೆ ನನ್ನ ಹತ್ರ ಬನ್ನಿ. ಅಡುಗೆ ಬದಲಾಯಿಸ್ಬೇಡಿ."

ಸಪ್ಪೆಯಣ್ಣ ತಲೆಯಾಡಿಸಿದ. ಕಾಯಿಲೆಯ ಹೆಸರೇನಾದರೂ ಹೇಳಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ವಾಪಸ್ಸು ಬಂದ ತಟ್ಟೆಯನ್ನೇ ಮತ್ತೆ ಇಡು ಎಂದಿದ್ದರು.

ಮೊದಲ ದಿನ ಪರವಾಗಿಲ್ಲ ಎನಿಸಿತು. ಮರುದಿನ ಸಂಜೆ ಮೇಸ್ತ್ರಿ ತಿಂದದ್ದೆಲ್ಲ ನೆಲದ ಮೇಲೆ ಕಕ್ಕಿ, ತಪ್ಪು ಮಾಡಿದವರಂತೆ ಬಾಲ ಮಡಚಿಕೊಂಡು ಪಕ್ಕಕ್ಕೆ ನಿಂತಿತು. ಸಪ್ಪೆಯಣ್ಣ ನೆಲ ಒರೆಸಿದ. ಕೈ ತೊಳೆದ. ಆಮೇಲೆ ಅವನ ಕೈ ತಾನಾಗಿಯೇ ಮೊಟ್ಟೆ ಇರಿಸಿದ್ದ ಕಪಾಟಿನ ಕಡೆ ಹೋಯಿತು.

ಹೆಂಡತಿ ಬಂದು ಆ ಕೈ ಹಿಡಿದುಕೊಂಡಳು.

"ಬೇಡ."

"ಸೇರ್ಲಿಲ್ಲ ನೋಡು ಅದಕ್ಕೆ."

"ಸೇರೋಕೆ ನೀವು ಬಿಟ್ರೆ ತಾನೆ." ಅವಳು ಕೈ ಬಿಡಲಿಲ್ಲ. "ನಂಗೂ ಹಿಂಗೇ ಮಾಡಿದ್ರಿ. ಕಿವಿ ಹೋಗೋ ಕಾಲದಲ್ಲಿ. ನೀವೇನೋ ಹೇಳ್ತಿದ್ರಿ, ನಂಗೆ ಕೇಳ್ಸ್ತಿರ್ಲಿಲ್ಲ, ಏನು ಅಂತಿದ್ದೆ. ಏನಿಲ್ಲ ಬಿಡು ಅಂದು ಬೇರೆ ಮಾತು ತೆಗೀತಿದ್ರಿ. ಅದೂ ಕೇಳ್ಸ್ದಿದ್ರೆ ಇನ್ನೊಂದು. ಆಮೇಲೆ ಸುಮ್ನಾಗ್ಬಿಟ್ರಿ. ಅದೇ ಮಾತನ್ನ ಇನ್ನೊಂದ್ಸಲ ಹೇಳಿದ್ರೆ ಸಾಕಿತ್ತು ರೀ ನಂಗೆ."

ತಾನು ಮೆಲ್ಲಗೆ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಗೋಡೆಯ ಆಚೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು. ಅವಳಿಗೆ ಬೇಜಾರಾಗದಿರಲಿ ಎಂದೇ ಸಪ್ಪೆಯಣ್ಣ ಆಗ ಮಾತು ಬದಲಾಯಿಸುತ್ತಿದ್ದುದು. ಬೇಡವಾದದ್ದನ್ನು ಎರಡು ಸಲ ಬಡಿಸಬಾರದೆಂದು. ಅವನು ಕಪಾಟಿನ ಬಾಗಿಲು ಮುಚ್ಚಿ, ಕೋಳಿ ಬೇಯಲು ಇಟ್ಟ.

ಮೇಸ್ತ್ರಿ ಆ ದಿನ ಎರಡು ತುತ್ತು ತಿಂದು ಬಿಟ್ಟಿತು. ಮಾರನೆಯ ದಿನ ಅದೇ. ಅದರ ಮಾರನೆಯ ದಿನವೂ ಅದೇ. ನಡುವೆ ಮತ್ತೊಮ್ಮೆ ಹೊಟ್ಟೆ ಕೆಟ್ಟಾಗ ಸಪ್ಪೆಯಣ್ಣ ಅಡುಗೆಮನೆಯಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಒಳಗಿದ್ದರೆ ಕೈ ಮಾತು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪಕ್ಕದ ಮನೆಯಾಕೆ ಮೂಳೆಯ ನೀರು ಹಿಡಿದು ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, ಅದನ್ನು ತಾನೇ ಕುಡಿದು ಪಾತ್ರೆ ವಾಪಸ್ಸು ಕೊಟ್ಟಳು. ದಿನಗಳು ಹೀಗೇ ಒಂದರ ಹಿಂದೊಂದು ಹೋದವು. ಹೊಟ್ಟೆಯ ಸದ್ದು ಕಡಿಮೆಯಾಯಿತು. ಮಲ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಮೇಸ್ತ್ರಿ ಮಂಚದ ಕೆಳಗಿಂದ ಈಚೆ ಬಂದು, ಹೆಂಡತಿ ಬಟ್ಟೆ ಮಡಚುವುದನ್ನು ಎದುರಿಗೆ ಕೂತು ನೋಡಿತು.

ಶಾಲೆಗೆ ರಜೆ ಬಿಟ್ಟಿತು. ತಮ್ಮ ಹೇಳಿದ ಹಾಗೆಯೇ ಬಂದ. ಅಕ್ಕನ ಸಾಮಾನು ಹಾಕಿಕೊಳ್ಳಲು ದೊಡ್ಡ ಚೀಲವನ್ನೂ ತಂದಿದ್ದ. ಅಂದು ಸಪ್ಪೆಯಣ್ಣ ರಜೆ ಹಾಕಿ ಮನೆಯಲ್ಲಿದ್ದ. ಬಾಗಿಲು ತಟ್ಟಿದ ಸದ್ದು ಕೇಳಿದರೂ ಅವನು ಏಳಲಿಲ್ಲ. ನಾಯಿಯ ಕಡೆ ನೋಡುತ್ತ ಕೂತ.

ಮೇಸ್ತ್ರಿ ಕಿವಿ ನಿಮಿರಿಸಿತು. ಮುಂಗಾಲೂರಿ ಎದ್ದಿತು. ನಾಲ್ಕು ಹೆಜ್ಜೆ ಹಾಕಿ ನಿಂತು ದಮ್ಮು ತೆಗೆದುಕೊಂಡಿತು. ತಮ್ಮ ಮತ್ತೆ ತಟ್ಟಿದ. ಅದು ಮತ್ತೆ ಹೊರಟು ಕಿಟಕಿಯ ಬಳಿ ಕೂತಿದ್ದವಳ ಮೊಣಕಾಲ ಮೇಲೆ ಕಾಲಿಟ್ಟಿತು. ಅವಳು ಎದ್ದು ಹೋಗಿ ಬಾಗಿಲು ತೆಗೆದಳು.

ತಮ್ಮನಿಗೆ ಸಮಾಧಾನವಾಗಲಿಲ್ಲ. ಇಷ್ಟು ಹೊತ್ತು ಬೇಕಾಯಿತು, ಅಷ್ಟರಲ್ಲಿ ಒಲೆಯ ಮೇಲೆ ಇದ್ದದ್ದು ಹೊತ್ತಿ ಉರಿಯುವುದಿಲ್ಲವೇ, ಇದು ಇನ್ನೆಷ್ಟು ದಿನದ ನಾಯಿ ಎಂದ. ಅದೂ ಸುಳ್ಳಲ್ಲ. ತಾನು ಇಲ್ಲದಾಗ ಒಲೆ ಹಚ್ಚುವುದು ಬೇಡವೆಂದು ಮಾತಾಗಿದೆ, ಊಟ ಬೆಳಿಗ್ಗೆಯೇ ಮಾಡಿಟ್ಟು ಹೋಗುತ್ತೇನೆ ಎಂದು ಸಪ್ಪೆಯಣ್ಣ ತಿಳಿಸಿದ. ತಮ್ಮ ಚೀಲವನ್ನು ಮಂಚದ ಮೇಲೆ ಬಿಡಿಸಿಟ್ಟು, ಅಕ್ಕ ಹೊರಡಲಿ ಎಂದ.

"ಅವಳು ಬರಲ್ಲ," ಎಂದ ಸಪ್ಪೆಯಣ್ಣ.

ತಮ್ಮ ತನ್ನ ಮನೆಯಲ್ಲಿ ಎಷ್ಟು ಜನರಿದ್ದಾರೆ, ಅಕ್ಕನನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂದು ವಿವರಿಸಿದ.

"ಅವಳು ಬರಲ್ಲಪ್ಪಾ."

ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ತಮ್ಮ ದನಿ ಏರಿಸಿದ. ಮೂರನೇ ಸಲವೂ ಸಪ್ಪೆಯಣ್ಣ ಅದನ್ನೇ ಹೇಳಿದ. ಅವನು ಒಂದೇ ಮಾತನ್ನು ಹೀಗೆ ಮೇಲಿಂದ ಮೇಲೆ ಆಡಿದ್ದನ್ನು ತಮ್ಮ ಕಂಡಿರಲಿಲ್ಲ. ಭಾವನ ಮುಖವನ್ನೇ ನೋಡಿದ.

ಸಪ್ಪೆಯಣ್ಣ ಹೆಂಡತಿಯ ಕಡೆ ತಿರುಗಿದ. "ಇಲ್ಲೇ ಇರು," ಎಂದ. ಅವಳು ಏನೂ ಅನ್ನದೆ ನೋಡಿದಳು. ಕಿಟಕಿ ತನ್ನ ಬೆನ್ನಿಗಿದೆ, ಮುಖ ಕತ್ತಲೆಯಲ್ಲಿದೆ ಎಂದು ಅವನಿಗೆ ಹೊಳೆಯಿತು. ಸುತ್ತಿ ಬಂದು ಬೆಳಕಿಗೆ ನಿಂತು, ಒಂದೊಂದೇ ಅಕ್ಷರ ತುಟಿಯ ಮೇಲೆ ತಂದು ಹೇಳಿದ: "ಇಲ್ಲೇ ಇರು. ನನ್ ಜೊತೆ."

"ಮೊದಲ್ನೇ ಸಲಾನೇ ಗೊತ್ತಾಯ್ತು ರೀ," ಎಂದಳು ಅವಳು. "ಇನ್ನೊಂದ್ಸಲ ಹೇಳ್ಲಿ ಅಂತ ಸುಮ್ನಿದ್ದೆ."

ತಮ್ಮ ಚೀಲ ಮಡಚಿದ. ಊಟ ಮಾಡಿಕೊಂಡು ಹೋಗು ಎಂದರೆ, ಭಾವನ ಅಡುಗೆ ತಿನ್ನಲು ನನಗಿನ್ನೂ ಕಾಯಿಲೆ ಬಂದಿಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡ. ಮುಂದಿನ ತಿಂಗಳು ಮತ್ತೆ ಬರುತ್ತೇನೆ, ಆಗ ನೋಡೋಣ ಎಂದ.

"ಬಾಪ್ಪಾ," ಎಂದಳು ಅಕ್ಕ, ಇಡೀ ಮಹಡಿಗೆ ಕೇಳುವಂತೆ. "ತಟ್ಟಿ ಸ್ವಲ್ಪ ಕಾಯಿ, ಅಷ್ಟೇ. ಮೇಸ್ತ್ರಿಗೂ ವಯಸ್ಸಾಯ್ತು."