ಮೊಣಕೈ ನೋಡಿ ಅಡುಗೆಮನೆ ಕೊಡುವ ಸೌಟಕ್ಕ

ಬೆಳಗಿನ ಏಳು ಗಂಟೆ. ಆಟಿಕೆ ಅಂಗಡಿಯ ಷಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಒಳಗೆ ಕುಳ್ಳಗಿನ ಹೆಂಗಸೊಬ್ಬರು ಮಂಡಿಯೂರಿ ಅಂಗೈಯಗಲದ ಸಿಂಕುಗಳನ್ನು ಒರೆಸುತ್ತಿದ್ದಾರೆ. ಸಾಲಾಗಿ ಹನ್ನೆರಡು ಆಟದ ಅಡುಗೆಮನೆಗಳು. "ನಲ್ಲೀಲಿ ನೀರು ಬರಲ್ಲ, ಆದ್ರೂ ಮಕ್ಕಳು ತಿರುಗಿಸೋದು ಬಿಡಲ್ಲ," ಎಂದು ನಗುತ್ತಾರೆ.

ನೀಲಿ ಕೋಟಿನ ಜೇಬಿನಲ್ಲಿ ಸದಾ ಒಂದು ಮರದ ಸೌಟು ಇರುವುದರಿಂದ ಮಕ್ಕಳಿಗೆ ಇವರು ಸೌಟಕ್ಕ. ಹದಿನೆಂಟು ವರ್ಷಗಳಿಂದ ಇಲ್ಲಿ ಆಟದ ಅಡುಗೆಮನೆ ಮಾರುವುದೇ ಕೆಲಸ. ರಜಾದಿನಗಳಲ್ಲಿ ಮೂವತ್ತು ಮಕ್ಕಳಾದರೂ ಬರುತ್ತಾರೆ. ಬಂದ ಮಗುವಿನ ಕೈಗೆ ಸೌಟು ಕೊಟ್ಟು, ಖಾಲಿ ಪಾತ್ರೆ ಕಲಕಲು ಹೇಳಿ, ಮೊಣಕೈಯನ್ನೇ ನೋಡುತ್ತಾರೆ. ಕಟ್ಟೆ ಅದಕ್ಕಿಂತ ತುಸು ಕೆಳಗಿದ್ದರೆ ಸರಿ. ಭುಜ ಮೇಲೆದ್ದರೆ ಆ ಅಡುಗೆಮನೆ ಆ ಮಗುವಿಗಲ್ಲ.

ಹಗ್ಗಜಗ್ಗಾಟವೆಲ್ಲ ಇಲ್ಲೇ. ಬೆಳೆಯುವ ಮಗು ಎಂದು ಹೆತ್ತವರು ಎತ್ತರದ್ದಕ್ಕೇ ಕೈಹಾಕುತ್ತಾರೆ. ನಮ್ಮ ಮನೆಯಲ್ಲೂ ಮಗುವಿಗೆಂದು ತಂದ ಅಂಥದ್ದೊಂದಿದೆ. ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳು ಅದರ ಮೇಲೆ ಆರಾಮಾಗಿವೆ.

"ಅಂಗಿ ಆದ್ರೆ ದೊಡ್ಡದು ತಗೊಂಡು ಮಡಚಿ ಹಾಕ್ಬೋದು. ಕಟ್ಟೆ ಮಡಚೋಕಾಗುತ್ತಾ?" ಎನ್ನುತ್ತಾರೆ ಸೌಟಕ್ಕ. ಅಮ್ಮ ಹಾಸಿಗೆ ಹಿಡಿದಾಗ ಇವರಿಗೆ ಒಂಬತ್ತು ವರ್ಷ. ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಮನೆಮಂದಿಗೆಲ್ಲ ಬೇಯಿಸಿದವರು. "ಅಡುಗೆ ಅಂದ್ರೆ ಭುಜ ನೋಯೋದು ಅಂತ್ಲೇ ತಿಳ್ಕೊಂಡಿದ್ದೆ."

ಷಟರ್ ಪೂರ್ತಿ ಏರುತ್ತಲೇ ಇವತ್ತಿನ ಮೊದಲ ಗಿರಾಕಿ: ಒಬ್ಬ ಅಪ್ಪ, ಮೂರು ವರ್ಷದ ಮಗಳು. ಅಪ್ಪನ ಕಣ್ಣು ಒಲೆಯಲ್ಲಿ ದೀಪ ಹೊತ್ತುವ ಎತ್ತರದ ಅಡುಗೆಮನೆಯ ಮೇಲೆ. ಮಗಳು ಅಲ್ಲಿ ಭುಜ ಎತ್ತಿ ಎರಡು ಸುತ್ತು ಕಲಕಿ, ಸೋತು, ಸೌಟು ವಾಪಸ್ ಕೊಡುತ್ತಾಳೆ. ಇವಳಿಗೆ ಇದೆಲ್ಲ ಇಷ್ಟವಿಲ್ಲ, ಸೈಕಲ್ಲೇ ಕೊಡಿಸುತ್ತೇನೆಂದು ಅಪ್ಪ ಹೊರಟೇಬಿಡುತ್ತಾರೆ. ಸೌಟಕ್ಕ ತಡೆದು, ಮಗುವನ್ನು ಮೂಲೆಯಲ್ಲಿರುವ ಗಿಡ್ಡ ಅಡುಗೆಮನೆಯ ಮುಂದೆ ನಿಲ್ಲಿಸುತ್ತಾರೆ. ಬಣ್ಣ ಮಾಸಿದೆ, ದೀಪಗೀಪ ಏನಿಲ್ಲ. ಮಗು ಕಲಕುತ್ತದೆ, ಕಲಕುತ್ತಲೇ ಇರುತ್ತದೆ. ಆಮೇಲೆ ಖಾಲಿ ಬಟ್ಟಲು ತಂದು ಅಪ್ಪನಿಗೆ ಒಡ್ಡುತ್ತದೆ: "ಬಿಸಿ ಇದೆ. ಊದ್ಕೊಂಡು ಕುಡಿ."

ಅಪ್ಪ ಊದಿಕೊಂಡು ಕುಡಿಯುತ್ತಾರೆ. ನನಗೆ ನಮ್ಮ ಮನೆಯ ಬಟ್ಟೆರಾಶಿ ನೆನಪಾಗಿ ನಾಚಿಕೆಯಾಗುತ್ತದೆ.

ಹೊರಡುವ ಮುಂಚೆ ಮಗು ಸೌಟಕ್ಕನ ಕೈಗೆ ಸೌಟು ಕೊಟ್ಟು ಕಲಕಲು ಹೇಳುತ್ತದೆ. ನಿಂತಲ್ಲೇ ಬಗ್ಗಿ ಕಲಕಿದ ಅವರ ಮೊಣಕೈಯನ್ನು ಗಂಭೀರವಾಗಿ ನೋಡಿ ತಲೆಯಾಡಿಸುತ್ತದೆ. "ನಿಂಗೆ ಇದು ಆಗಲ್ಲ."

"ನಮ್ಮನೇದೂ ಆಗಲ್ಲ ಪುಟ್ಟಿ," ಎಂದು ಸೌಟಕ್ಕ ಜೋರಾಗಿ ನಗುತ್ತಾರೆ. ಬಾಡಿಗೆ ಮನೆಯ ಕಟ್ಟೆ ಎತ್ತರ. ಈಗಲೂ ಹಲಗೆ ಹಾಕಿಕೊಂಡೇ ನಿಲ್ಲುತ್ತಾರಂತೆ. ನಿಮಗೇನು ಆಸೆ ಎಂದು ನಾನು ಕೇಳಿದರೆ, ಸೌಟನ್ನು ಒರೆಸಿ ಜೇಬಿಗಿಳಿಸುತ್ತಾ ಹೇಳುತ್ತಾರೆ: "ಒಂದೇ ಒಂದು ದಿನ, ನೆಲದ ಮೇಲೆ ನಿಂತು ಅಡುಗೆ ಮಾಡ್ಬೇಕು."